ಅಮ್ರಾನೋ ಉಮ್ರಾನೋ

ಶೆಹಾತಾ ಎಂದರೆ ಬೇಡಿ ತಂದದ್ದು ಎಂದರ್ಥ. ನಮ್ಮ ಕಡೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ ತಿಪ್ಪೆಯಲ್ಲಿ ಹೊರಳಿಸಿ ತಿಪ್ಪಣ್ಣ ಎಂದು ಹೆಸರಿಡುತ್ತಾರಲ್ಲ, ಅಲೆಕ್ಸಾಂಡ್ರಿಯಾದ ಕರ್ಮೂಸ್ ಪೇಟೆಯಲ್ಲಿ ಅದೇ ಕೆಲಸವನ್ನು ಬೇರೆ ರೀತಿ ಮಾಡುತ್ತಾರೆ. ಮೂರು ಕೂಸುಗಳನ್ನು ಮಣ್ಣಿಗೆ ಕೊಟ್ಟ ನಬವಿಯಾ, ನಾಲ್ಕನೆಯದು ಹುಟ್ಟಿದಾಗ ಏಳು ಮನೆಯ ಬಾಗಿಲಿಗೆ ಹೋಗಿ ಒಂದೊಂದು ತುಂಡು ಬಟ್ಟೆ ಬೇಡಿ ತಂದು, ಅವನ್ನೇ ಕೂಡಿಸಿ ಅಂಗಿ ಹೊಲಿದು ಮಗುವಿಗೆ ತೊಡಿಸಿದಳು. ಬೇಡಿ ತಂದ ಕೂಸಿನ ಮೇಲೆ ಸಾವು ಕಣ್ಣು ಹಾಕುವುದಿಲ್ಲವಂತೆ. ಸಾವು ಹಾಕಲಿಲ್ಲ, ನಿಜ. ಆದರೆ ನಬವಿಯಾ ಅವತ್ತು ನೆಟ್ಟ ಕಣ್ಣನ್ನು ಮಗನಿಗೆ ಐವತ್ತು ದಾಟಿದರೂ ಕಿತ್ತಿರಲಿಲ್ಲ.

ಮೆಕ್ಕಾ ನೋಡಿ ಬಂದ ಹೆಂಗಸನ್ನು ಅಲ್ಲಿಯವರು 'ಹಗ್ಗಾ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಕಟ್ಟುವ ಹಗ್ಗದಂತೆ ಕೇಳಿಸಿದರೆ ತಪ್ಪು ಹೇಳುವವರದ್ದಲ್ಲ. ವಯಸ್ಸಾದವರನ್ನೆಲ್ಲ, ಹೋಗಿರಲಿ ಬಿಡಲಿ, ಮರ್ಯಾದೆಗೆ ಹಾಗೇ ಕರೆಯುವುದು ರೂಢಿ. ನಬವಿಯಾ ಮಾತ್ರ ಒಪ್ಪುತ್ತಿರಲಿಲ್ಲ. ತರಕಾರಿಯವನು "ಹಗ್ಗಾ, ಟೊಮ್ಯಾಟೊ ಬೇಕಾ" ಎಂದರೆ, "ನಾನಿನ್ನೂ ಹೋಗಿಲ್ಲಪ್ಪ, ಹೋದ ಮೇಲೆ ಕರಿ" ಎಂದು ತಿದ್ದಿಯೇ ಟೊಮ್ಯಾಟೊ ಮುಟ್ಟುತ್ತಿದ್ದಳು. ಅಷ್ಟು ಆಸೆ ಅವಳಿಗೆ. ಮಗ ಆ ಮಾತು ಕೇಳಿಯೂ ಕೇಳದವನಂತೆ ಇರುವುದನ್ನು ರೂಢಿಸಿಕೊಂಡಿದ್ದ.

ಅವನಿಗೂ ಒಂದು ಆಸೆಯಿತ್ತು. ಅದನ್ನು ಹೇಳಬೇಕಾದರೆ ಮೊದಲು ಕಾರಿನ ವಿಷಯ ಹೇಳಬೇಕು. ಹಾಲುಕೆನೆ ಬಣ್ಣದ, ಬೆನ್ನು ದುಂಡಗಿರುವ ಹಳೇ ಪ್ಲಿಮತ್ ಅದು. ಶೆಹಾತಾನ ಅಪ್ಪ ಒಬ್ಬ ಗ್ರೀಕ್ ಹತ್ತಿ ವ್ಯಾಪಾರಿಗೆ ಡ್ರೈವರ್ ಆಗಿದ್ದ. ವ್ಯಾಪಾರಿ ಊರು ಬಿಟ್ಟು ಹಡಗು ಹತ್ತುವಾಗ ಕಾರಿನ ಕೀಲಿಯನ್ನು ಬಂದರಿನಲ್ಲೇ ಅವನ ಕೈಗಿಟ್ಟು ಹೋದ. ಅಂದಿನಿಂದ ಅದು ಮದುವೆ ಕಾರು. ಗಲ್ಲಿಯ ಹುಡುಗಿಯರೆಲ್ಲ ಅದರಲ್ಲೇ ಕೂತು ಗಂಡನ ಮನೆಗೆ ಹೋದರು. ಒಬ್ಬಳು ಮಾತ್ರ, ಹಳೇ ಡಬ್ಬದಲ್ಲಿ ಕೂರಲಾರೆ ಎಂದು ಹಟ ಮಾಡಿ ಬಿಳಿ ಹೊಸ ಕಾರಿನಲ್ಲಿ ಹೋದವಳು, ವರ್ಷ ತುಂಬುವುದರೊಳಗೆ ಗಂಟುಮೂಟೆ ಸಮೇತ ತವರಿಗೆ ವಾಪಸ್ಸಾದಳು. ಗಂಡ ಕುಡುಕ ಎಂಬುದು ಎಲ್ಲರಿಗೂ ಗೊತ್ತಿದ್ದರೂ ತಪ್ಪು ಕಾರಿನದ್ದು ಎಂದೇ ತೀರ್ಮಾನವಾಯಿತು. ಆಮೇಲೆ ಯಾರು ತಾನೇ ಬೇರೆ ಕಾರು ಹತ್ತುತ್ತಾರೆ?

ಅಪ್ಪ ತೀರಿಕೊಂಡಾಗ ಶೆಹಾತಾ ಊರಲ್ಲಿರಲಿಲ್ಲ. ನೈಲ್ ನದಿ ಸಮುದ್ರಕ್ಕೆ ಸೇರುವ ರಶೀದ್ ಊರಿನಲ್ಲಿ, ಗೆಳೆಯ ಸನದನ ಮನೆಯವರ ದೋಣಿ ಕಟ್ಟೆಯಲ್ಲಿ, ಮೀನುದೋಣಿಗಳಿಗೆ ಎಂಜಿನ್ ಕೂರಿಸುವುದನ್ನು ಕಲಿಯುತ್ತಿದ್ದ. ಒಂದು ಬೇಸಿಗೆಯಷ್ಟೇ. ಮರದ ಹೊಟ್ಟಿನ ವಾಸನೆ, ನದಿಗಾಳಿ, ದಿನವಿಡೀ ಯಾರ ಗದ್ದಲವೂ ಇಲ್ಲದ ಕೆಲಸ. ಮಣ್ಣಿಗೆ ಬಂದವನ ಕೈಗೆ ನಬವಿಯಾ ಕೀಲಿ ಕೊಟ್ಟು, "ನಾಳಿದ್ದು ಮದುವೆಯಿದೆ, ಒಪ್ಪಿಕೊಂಡಿದ್ರು ನಿಮ್ಮಪ್ಪ" ಎಂದಳು. ಆ ನಾಳಿದ್ದು ಮುಗಿಯಲೇ ಇಲ್ಲ. ರಶೀದ್ ಏನು ಸಮುದ್ರದಾಚೆ ಇಲ್ಲ, ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ತಲುಪಬಹುದು. ಅಷ್ಟು ಹತ್ತಿರದ್ದಕ್ಕೆ ಮೂವತ್ತು ವರ್ಷ ಹೋಗಲಾಗಲಿಲ್ಲ. ಪರರ ಸಂತೋಷವನ್ನು ಕನ್ನಡಿಯಲ್ಲಿ ನೋಡುತ್ತ, ಹಾರನ್ನಿನಲ್ಲಿ ಅದೇ ಮದುವೆ ತಾಳ ಬಾರಿಸುತ್ತ ಅವನ ತಲೆ ನೆರೆಯಿತು.

ಬಿಡುತ್ತೇನೆಂದರೆ ಗಲ್ಲಿ ಬಿಡುವುದಿಲ್ಲ, ಮಾರುತ್ತೇನೆಂದರೆ ತಾಯಿ ಬಿಡುವುದಿಲ್ಲ. ಹಾಗಾಗಿ ಶೆಹಾತಾ ಒಂದೇ ಒಂದನ್ನು ಕಾಯುತ್ತಿದ್ದ: ಎಂಜಿನ್ ತಾನಾಗಿ ಸಾಯಬೇಕು. ನಾನು ಬಿಡಲಿಲ್ಲ, ಅದೇ ನನ್ನನ್ನು ಬಿಟ್ಟಿತು ಎನ್ನಬೇಕು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಈ ಸಲ ಚಳಿಗಾಲದ ಕೊನೆಗೆ ಆ ಭಾಗ್ಯ ಬಂದಂತಾಯಿತು. ಕಡಲದಂಡೆಯ ರಸ್ತೆಯಲ್ಲಿ ಮದುವೆ ಮೆರವಣಿಗೆ ಸಾಗುತ್ತಿದ್ದಾಗ ಕಾರಿನ ಹಿಂದಿನಿಂದ ನೀಲಿ ಹೊಗೆ ಎದ್ದಿತು. ಎಂಜಿನ್ನಿನ ಹೊಟ್ಟೆಯಲ್ಲಿ ಟಕಟಕ ಶುರುವಾಯಿತು. ಮದುಮಗಳು ಮುಸುಕಿನ ಅಂಚು ಮೂಗಿಗೆ ಹಿಡಿದಳು. ವರ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ.

"ಉಸ್ತಾ, ಇದು ನನ್ನ ಮೆರವಣಿಗೆನೋ ಸೊಳ್ಳೆಗೆ ಹೊಗೆ ಹಾಕೋ ಗಾಡಿನೋ?"

"ಎರಡೂ ಅಂದ್ಕೋಪ್ಪ. ರಾತ್ರಿ ಸೊಳ್ಳೆ ಕಚ್ಚಲ್ಲ ನಿಂಗೆ" ಎಂದ ಶೆಹಾತಾ. ಕಾರು ನಿಂತಿತು. ವರನ ಕಡೆಯವರು ಕೋಟು ಬಿಚ್ಚಿ ತಳ್ಳಿದರು. ತಳ್ಳುವವರ ಬೈಗುಳ ಕೇಳುತ್ತ ಸ್ಟೀರಿಂಗ್ ಹಿಡಿದು ಕೂತವನ ಎದೆಯಲ್ಲಿ ಹಬ್ಬ. ನಾಚಿಕೆಯೂ ಆಯಿತು, ಹಬ್ಬವೂ ಆಯಿತು.

ಮಾರನೇ ದಿನ ಕಾರನ್ನು ಉಸ್ತಾ ಬುತ್ರುಸನ ಗ್ಯಾರೇಜಿಗೆ ಒಯ್ದ. ಕಸುಬುದಾರರನ್ನೂ ಡ್ರೈವರುಗಳನ್ನೂ ಆ ಊರಲ್ಲಿ ಉಸ್ತಾ ಎನ್ನುವುದು. ಬುತ್ರುಸ್ ಕ್ರೈಸ್ತರವನು, ಅವನಪ್ಪನೂ ಇದೇ ಕಾರಿನ ಮೆಕ್ಯಾನಿಕ್ಕು. ನಬವಿಯಾ ಬಟ್ಟೆ ಬೇಡಿದ ಏಳು ಮನೆಗಳಲ್ಲಿ ಅವರದೂ ಒಂದು. ಅವನು ಎಣ್ಣೆಯ ಮುಚ್ಚಳ ತೆಗೆದ, ಹೊಗೆ ಬುಸ್ಸೆಂದಿತು. ಪ್ಲಗ್ ಬಿಚ್ಚಿದ ತೂತಿಗೆ ಹೆಬ್ಬೆರಳು ಒತ್ತಿ ಎಂಜಿನ್ ತಿರುಗಿಸಲು ಹೇಳಿದ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕಣ್ಣು ಮುಚ್ಚಿ ಕೇಳಿದ. ಶೆಹಾತಾ ಆಸ್ಪತ್ರೆಯ ಹೊರಗೆ ನಿಂತ ನೆಂಟನಂತೆ ನಿಂತಿದ್ದ, ಆದರೆ ರೋಗಿ ಉಳಿಯಲಿ ಎಂದು ಹರಕೆ ಹೊತ್ತ ನೆಂಟನಲ್ಲ.

"ರಿಂಗ್ ಹೋಗಿದೆ, ಬೇರಿಂಗ್ ಸವೆದಿದೆ" ಎಂದ ಬುತ್ರುಸ್. "ಎಣ್ಣೆ ಕುಡೀತಿದೆ, ನಮ್ಮ ಮಾವನ ಹಾಗೆ."

"ಅಂದ್ರೆ ಮುಗೀತು ಅನ್ನು."

"ಯಾರು ಹೇಳಿದ್ದು?"

"ನೀನು ಹೇಳು ಅಂತಿದೀನಿ ಮಾರಾಯ. ಎರಡು ಸಲ ಬಿಚ್ಚಿ ಕಟ್ಟಿರೋ ಎಂಜಿನ್ನು, ಇನ್ನೇನು ಉಳಿದಿರತ್ತೆ ಅದರಲ್ಲಿ? ಬೇರೆ ಕೂರಿಸೋಣ ಅಂದ್ರೆ ಇದರ ನಂಬರು ಲೈಸೆನ್ಸಲ್ಲಿದೆ, ಆಫೀಸಿನವರು ಒಪ್ಪಲ್ಲ. ಮುಗೀತು ಅಂತ ಒಂದೇ ಒಂದು ಮಾತು ಹೇಳು. ಗಲ್ಲಿಯವರು ನನ್ನ ನಂಬಲ್ಲ, ನಿನ್ನ ನಂಬ್ತಾರೆ."

ಬುತ್ರುಸ್ ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡು ಗೆಳೆಯನ ಮುಖ ನೋಡಿದ.

"ಉಸಿರಾಡ್ತಿರೋದನ್ನ ಹೂಳೋನಲ್ಲ ಕಣೋ ನಾನು. ಹೋದ ಸಲ ಕೊರೆದಿದ್ದು ನಮ್ಮಪ್ಪ, ಅಳತೆ ನನಗೆ ಬಾಯಿಪಾಠ. ಸಿಲಿಂಡರಿನ ಗೋಡೇಲಿ ಇನ್ನೊಂದು ಸಲ ಕೊರೆಯೋಷ್ಟು ಕಬ್ಬಿಣ ಇದೆ. ಒಂದು ಅಮ್ರಾ ಮಾಡಿದ್ರೆ ನೀನು ಹೋದ ಮೇಲೂ ಓಡತ್ತೆ ಇದು. ಮಾಡಿಸ್ತೀಯೋ ಬಿಡ್ತೀಯೋ ನಿನ್ನಿಷ್ಟ. ಸತ್ತಿದೆ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡ."

ಸಿಲಿಂಡರ್ ಕೊರೆಯುವ ಲೇತಿನವನಿಗೆ ಬಿಡುವಾಗುವುದು ಮುಂದಿನ ವಾರ, ಅಲ್ಲಿಯವರೆಗೆ ಮನೆ ಹತ್ತಿರ ನಿಲ್ಲಿಸಿ ಯೋಚನೆ ಮಾಡು ಎಂದ. ಯಾವ ಗಾಡಿಗೆ ಏನು ಕೆಲಸ ಎಂದು ಮರೆಯದಿರಲು ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿಡುವುದು ಅವನ ಅಪ್ಪನ ಕಾಲದ ಪದ್ಧತಿ. ಕುಂಚ ತೆಗೆದು ಪ್ಲಿಮತ್ತಿನ ಮುಂಗಾಜಿನ ಮೇಲೆ ದಪ್ಪಕ್ಷರದಲ್ಲಿ ಒಂದು ಪದ ಬರೆದ.

ಅಲ್ಲೇ ಎಡವಟ್ಟಾಯಿತು. ಎಂಜಿನ್ನನ್ನು ಕೊನೆಯ ಬೋಲ್ಟಿನವರೆಗೂ ಬಿಚ್ಚಿ, ಕೊರೆದು, ತೀಡಿ, ಹೊಸತು ಹಾಕಿ ಕಟ್ಟುವುದಕ್ಕೆ ಈ ಊರಿನ ಗ್ಯಾರೇಜುಗಳಲ್ಲಿ ಅಮ್ರಾ ಎನ್ನುತ್ತಾರೆ. ಮೆಕ್ಕಾಕ್ಕೆ ಹೋಗಿ ಬರುವ ಸಣ್ಣ ಯಾತ್ರೆ ಉಮ್ರಾ. ಬಾಯಲ್ಲಿ ಎರಡೂ ಬೇರೆ. ಆದರೆ ಅರಬ್ಬಿಯಲ್ಲಿ ಆ ಸ್ವರದ ಗುರುತನ್ನು ಯಾರೂ ಬರೆಯುವುದಿಲ್ಲ. ನಾಲ್ಕು ಅಕ್ಷರ, ಎರಡಕ್ಕೂ ಅವೇ ನಾಲ್ಕು. ಓದುವವನ ಮನಸ್ಸಿನಲ್ಲಿ ಏನಿದೆಯೋ ಅದೇ ಓದು. ಗ್ಯಾರೇಜಿನಲ್ಲಿ ನಿಂತಿರುವಾಗ ಅದು ಅಮ್ರಾ. ಗಲ್ಲಿಗೆ ಬಂದರೆ? ಯಾತ್ರೆಗೆ ಹೊರಟವರು ಮನೆಗೋಡೆಯ ಮೇಲೆ, ಗಾಡಿಯ ಗಾಜಿನ ಮೇಲೆ ಹೀಗೇ ಬರೆಸಿಕೊಳ್ಳುವುದು ಅಲ್ಲಿನ ವಾಡಿಕೆ.

ಹೊಗೆ ಕಾರುತ್ತ ಕೆಮ್ಮುತ್ತ ಕಾರು ಗಲ್ಲಿಯ ಬಾಯಿಗೆ ಬರುತ್ತಿದ್ದಂತೆ ಕ್ಷೌರದ ಜಗ್ಲೂಲ್ ಕತ್ತಿ ಹಿಡಿದೇ ಅಂಗಡಿಯಿಂದ ಹೊರಗೆ ಬಂದ. ಗಾಜು ಓದಿದ. ಮತ್ತೊಮ್ಮೆ ಓದಿದ.

"ಬಾಯಿ ಬಿಡದೆ ಎಲ್ಲಾ ಸಿದ್ಧ ಮಾಡ್ಕೊಂಡಿದೀಯಲ್ಲೋ ಕಳ್ಳ. ತಾಯಿನ ಉಮ್ರಾಕ್ಕೆ ಕರ್ಕೊಂಡು ಹೋಗೋರು ಹೀಗೆ ಸದ್ದಿಲ್ಲದೆ ಬರ್ತಾರಾ?"

"ಅಯ್ಯೋ, ಅದು ಹಾಗಲ್ಲ ಜಗ್ಲೂಲ್, ಎಂಜಿನ್ನು..." ಎನ್ನುವಷ್ಟರಲ್ಲಿ ಮೇಲಿನ ಒಂದು ಉಪ್ಪರಿಗೆಯಿಂದ ಹೆಂಗಸರು ಶುಭಕ್ಕೆ ನಾಲಿಗೆಯಾಡಿಸಿ ಹೊರಡಿಸುವ ಕೂಗು ಎದ್ದಿತು. ಅದಕ್ಕೆ ಎದುರು ಮನೆಯ ಕೂಗು ಸೇರಿತು. ಮೂವತ್ತು ವರ್ಷ ಆ ಕೂಗನ್ನು ಹೊತ್ತು ತಿರುಗಿದವನ ಎಂಜಿನ್ ಎಂಬ ಮಾತು ಅದರಡಿ ಹೂತುಹೋಯಿತು. ತಲೆಯೆತ್ತಿ ನೋಡಿದರೆ ನಬವಿಯಾ ಕಿಟಕಿಯಲ್ಲಿ ಎದೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಅವಳ ಕಣ್ಣು ಗಾಜಿನ ಮೇಲಿತ್ತು.

ಕಾಲು ಗಂಟೆಯೊಳಗೆ ಮನೆ ತುಂಬಿತು. ಕೆಂಪು ಶರಬತ್ತು ಬಂತು. ಒಬ್ಬಳು ಮಗಳಿಗೆ ಗಂಡು ಸಿಗಲೆಂದು ಅಲ್ಲಿ ಬೇಡಿಕೊಳ್ಳಲು ಹೇಳಿದಳು, ಇನ್ನೊಬ್ಬಳಿಗೆ ಮಂಡಿನೋವಿಗೆ ಅಲ್ಲಿನ ಪವಿತ್ರ ಬಾವಿಯ ಝಂಝಂ ನೀರು ಬೇಕಿತ್ತು. ಮೂರನೆಯವಳು ಯಾತ್ರೆಯ ಉಡುಪಿಗೆಂದು ಬಿಳಿ ಬಟ್ಟೆಯ ತುಂಡನ್ನೇ ತಂದು ಮಡಿಲಿಗೆ ಹಾಕಿ, "ಹೋಗಿ ಬನ್ನಿ ಹಗ್ಗಾ" ಎಂದಳು. ನಬವಿಯಾ ತಿದ್ದಲಿಲ್ಲ. ಅದು ಶೆಹಾತಾನ ಗಮನಕ್ಕೆ ಬಂತು.

ಹೆಂಡತಿ ಇನ್ಶಿರಾಹ್ ಅವನನ್ನು ಮೆಟ್ಟಿಲ ತಿರುವಿನಲ್ಲಿ ಅಡ್ಡಗಟ್ಟಿದಳು.

"ರೀ, ಅಮ್ರಾನೋ ಉಮ್ರಾನೋ?"

"ಏನು?"

"ಶುಕ್ರವಾರದ ನಮಾಜಿಗೂ ನಿಮ್ಮನ್ನ ಎಳ್ಕೊಂಡು ಹೋಗ್ಬೇಕು. ಮೆಕ್ಕಾಕ್ಕೆ ಹೊರಟಿದೀರಾ ಅಂದ್ರೆ ಗಲ್ಲಿ ನಂಬತ್ತೆ, ನಾನು ನಂಬ್ಬೇಕಾ? ಹೊಗೆ ಮೂಗಿಗೆ ಹೊಡೀತಿದೆ."

ಅವನು ನಿಜ ಹೇಳಿದ. ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಕೂಡಿಟ್ಟಿರೋದು ಒಂದಕ್ಕೇ ಸಾಲೋದು. ಹೋಗಿ ಅಮ್ಮನಿಗೆ ಹೇಳಿ."

"ನೀನೇ ಹೇಳು."

"ನಾನ್ಯಾಕೆ ಹೇಳ್ಲಿ? ಸೊಸೆ ಬಂದು ಉಮ್ರಾ ತಪ್ಪಿಸಿದ್ಲು ಅಂತ ಗಲ್ಲಿ ತುಂಬಾ ಹಾಡಿಸ್ಕೊಳ್ಳೋಕಾ? ನಿಮ್ಮ ಕಾರು, ನಿಮ್ಮ ಅಮ್ಮ."

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ಹೇಳೋಣವೆಂದು ಎರಡು ದಿನ ತಾಯಿಯ ಕೋಣೆಯ ಬಾಗಿಲವರೆಗೆ ಹೋದ, ಎರಡು ದಿನವೂ ನೀರು ಬೇಕಾ ಎಂದು ಕೇಳಿ ವಾಪಸ್ಸು ಬಂದ. ಮೂರನೆಯ ದಿನ, ಮಹಡಿಯ ಮೇಲೆ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದಾಗ, ಇಷ್ಟು ದಿನ ತನಗೆ ಹೊಳೆಯದೇ ಇದ್ದದ್ದು ಹೊಳೆಯಿತು. ಉಮ್ರಾ ಆದರೆ ಅಮ್ರಾ ಇಲ್ಲ. ಅಮ್ಮನನ್ನು ಮೆಕ್ಕಾಕ್ಕೆ ಕರೆದೊಯ್ದ ಮಗನನ್ನು, ಕಾರು ಯಾಕೆ ಸಾಯಿಸಿದೆ ಎಂದು ಕೇಳಲು ಯಾರಿಗೆ ಬಾಯಿ ಬರುತ್ತದೆ? ಬುತ್ರುಸ್ ಹೇಳದ ಮಾತನ್ನು ಬುತ್ರುಸನ ಕುಂಚವೇ ಹೇಳಿಬಿಟ್ಟಿತ್ತು. ಕೈಯಲ್ಲಿದ್ದ ಕಾಳು ಹಾಗೇ ಉಳಿಯಿತು. ರಶೀದಿನ ಸನದನಿಗೆ ಫೋನು ಮಾಡಿದ.

"ಮೂರು ಎಂಜಿನ್ನು ಬಿದ್ದಿದೆ ಕೂರಿಸೋಕೆ" ಎಂದ ಸನದ್. "ಬರ್ತೀಯೋ, ಇಲ್ಲ ಮೊದಲಿನ ಹಾಗೆ ಹಬ್ಬ ಕಳೀಲಿ ಅಂತೀಯೋ?"

"ಬರ್ತೀನಿ."

ಆ ಮಾತು ಬಾಯಿಂದ ಹೊರಟ ಮೇಲೆ ಅದರ ರುಚಿ ಗೊತ್ತಾಯಿತು. ದೋಣಿಗಳ ಬಗ್ಗೆ, ಮೀನಿನ ಬಗ್ಗೆ, ಹಳೇ ಪೋಲಿತನಗಳ ಬಗ್ಗೆ ಇಬ್ಬರೂ ಬಹಳ ಹೊತ್ತು ಮಾತಾಡಿ ನಕ್ಕರು. ಶೆಹಾತಾ ಅಷ್ಟು ನಕ್ಕು ಎಷ್ಟೋ ವರ್ಷವಾಗಿತ್ತು.

ಮಾರನೇ ಬೆಳಿಗ್ಗೆ ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ತಾಯಿಯನ್ನು ಕಾರಿನಲ್ಲೇ ಹೊರಡಿಸಿದ. ಇನ್ನು ಎಷ್ಟು ದಿನ ಓಡೀತು, ಓಡಲಿ ಎನ್ನುವ ಧಾರಾಳ ಬಂದಿತ್ತು ಅವನಿಗೆ. ನಬವಿಯಾ ಯಾವಾಗಿನಂತೆ ಮುಂದಿನ ಸೀಟಿನಲ್ಲಿ ಕೂತು ಉಪ್ಪು ಹಾಕಿದ ಕುಂಬಳಬೀಜ ಸುಲಿಯುತ್ತಿದ್ದಳು. ಗಾಜಿನ ಮೇಲಿನ ಬಿಳಿ ಪದ ಅವರಿಬ್ಬರ ಮುಂದೆ ತಿರುಗುಮುರುಗಾಗಿ ಕಾಣುತ್ತಿತ್ತು. ದೊಡ್ಡ ರಸ್ತೆಗೆ ಬಂದಾಗ ಅವಳು ಬೆರಳು ಚಾಚಿದಳು.

"ಎಡಕ್ಕೆ ತಿರುಗಿಸು."

"ಫೋಟೋದವನು ಬಲಕ್ಕಮ್ಮ."

"ಬುತ್ರುಸ್ ಎಡಕ್ಕೆ."

ಗ್ಯಾರೇಜಿನಲ್ಲಿ ಬುತ್ರುಸ್ ಎದ್ದು ಬಂದ. ತನ್ನ ಕುಂಚ ಮಾಡಿದ ಕೆಲಸದ ಸುದ್ದಿ ಅವನಿಗೂ ಮುಟ್ಟಿತ್ತು, ಮುಖ ಕೆಂಪಗಾಗಿತ್ತು. "ತಪ್ಪಾಯ್ತು ಹಗ್ಗಾ, ನೀವು..." ಎಂದು ಶುರುಮಾಡಿದ. ನಬವಿಯಾ ಕೈಯೆತ್ತಿ ತಡೆದಳು.

"ಯಾವತ್ತು ಬಿಚ್ತೀಯ ಇದನ್ನ?"

ಶೆಹಾತಾನಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. "ಅಮ್ಮಾ, ಅದು ಉಮ್ರಾ" ಎಂದ.

"ನನಗೆ ಹೇಳ್ತೀಯಾ ಅದನ್ನ?" ಎಂದಳು ನಬವಿಯಾ. "ಮದುವೆಯಾದ ಹೊಸದರಲ್ಲಿ ನಿಮ್ಮಪ್ಪ ಮೊದಲ ಸಲ ಗಾಜಿನ ಮೇಲೆ ಇದನ್ನ ಬರೆಸ್ಕೊಂಡು ಬಂದ್ರು. ಪಕ್ಕದ ಮನೆಯೋಳು ಉಮ್ರಾ ಅಂತ ಓದಿದ್ಲು. ನಾನು ಗಲ್ಲಿಗೆಲ್ಲಾ ಶರಬತ್ತು ಹಂಚಿದೆ. ಸಂಜೆ ಬಂದು ನಿಮ್ಮಪ್ಪ ನಕ್ಕಿದ್ದು ನಕ್ಕಿದ್ದೇ. ಓದೋಕೆ ಬರಲ್ಲ ನನಗೆ, ನಿಜ. ಆ ಪದದ ಆಕಾರ ಮರೆಯೋಕಾಗತ್ತಾ?"

"ಹಾಗಾದ್ರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ಹಗ್ಗಾ ಅಂತ ಅನ್ನಿಸ್ಕೊಂಡೆ. ತಿದ್ದದೇ ಅನ್ನಿಸ್ಕೊಂಡೆ. ಸಾಕು ನನಗೆ." ಬೀಜದ ಸಿಪ್ಪೆಗಳನ್ನು ಕರವಸ್ತ್ರಕ್ಕೆ ಕಟ್ಟುತ್ತ ಅವಳು ತಲೆಯೆತ್ತದೆ ಹೇಳಿದಳು. "ಮೆಕ್ಕಾ ಎಲ್ಲಿಗೂ ಹೋಗಲ್ಲ. ನೀನು ಹೋಗ್ತೀಯ."

"ನಾನೆಲ್ಲಿಗೆ ಹೋಗ್ತೀನಿ?"

"ಪಾರಿವಾಳಕ್ಕೆ ಕಾಳು ಹಾಕೋಕೆ ಹೋದೋನು ಫೋನಲ್ಲಿ ಅಷ್ಟು ಹೊತ್ತು ನಗ್ತಾನಾ? ನನ್ನ ಕೋಣೆ ಕಿಟಕಿ ಮಹಡಿ ಕೆಳಗೇ ಇದೆ. ಏಳು ಬಾಗಿಲು ಬೇಡಿ ತಂದಿದೀನಿ ನಿನ್ನ. ಬೇಡಿ ತಂದಿದ್ದನ್ನ ಯಾರೂ ವಾಪಸ್ ಕೊಡಲ್ಲ ಮಗಾ."

ಬೇಡ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಕಾರು ಅವನದು, ದುಡ್ಡು ಅವನದು, ನಿರ್ಧಾರ ನಿನ್ನದು ಎಂದು ಬುತ್ರುಸ್ ಹೇಳಿಯೂ ಇದ್ದ. ನಬವಿಯಾ ಅದನ್ನೂ ಓದಿದಳು. ಅಕ್ಷರ ಬಾರದಿದ್ದರೇನು, ಮುಖ ಓದಲು ಬರುತ್ತಿತ್ತು.

"ಬೇಡ ಅನ್ನೋದಾದ್ರೆ ಅನ್ನು. ತಾಯಿ ಉಮ್ರಾ ಬಿಟ್ಟುಕೊಟ್ಲು, ಮಗ ಆದರೂ ಹೊರಟುಹೋದ ಅಂತ ನಾನು ಯಾರ ಹತ್ರಾನೂ ಹೇಳಲ್ಲ."

ಆ ಕ್ಷಣ ಶೆಹಾತಾ ತಾಯಿಯನ್ನು ದ್ವೇಷಿಸಿದ. ಸುಳ್ಳು ಹೇಳಿ ಏನು ಪ್ರಯೋಜನ, ದ್ವೇಷಿಸಿದ. ಮರುಕ್ಷಣ ಅವಳ ಬೆರಳುಗಳಿಗೆ ಅಂಟಿದ್ದ ಉಪ್ಪು ಕಂಡಿತು. ತೀರಾ ಬೇಕೆನಿಸಿದ್ದನ್ನು ಅವಳು ನಿಜವಾಗಿಯೂ ಬಿಟ್ಟಿದ್ದಳು. ಬಿಟ್ಟು, ಅದರಲ್ಲೇ ಅವನನ್ನು ಕಟ್ಟಿದ್ದಳು. ಎಂಜಿನ್ ಬಿಚ್ಚುವ ಮೊದಲು ಹಳೇ ಎಣ್ಣೆಯನ್ನು ಗಾಡಿಯ ಯಜಮಾನನೇ ದೇವರ ಹೆಸರು ಹೇಳಿ ಇಳಿಸಬೇಕು ಎಂಬುದು ಬುತ್ರುಸನ ಗ್ಯಾರೇಜಿನ ಕ್ರಮ. ಬುತ್ರುಸ್ ಸ್ಪ್ಯಾನರ್ ಹಿಡಿದು ನಿಂತಿದ್ದ, ಕೊಡಲೋ ಬೇಡವೋ ಎನ್ನುವಂತೆ. ಶೆಹಾತಾ ಅದನ್ನು ಇಸಿದುಕೊಂಡು ಕಾರಿನಡಿ ಬೆನ್ನ ಮೇಲೆ ತೂರಿದ. "ಬಿಸ್ಮಿಲ್ಲಾ" ಎಂದ. ಕಪ್ಪು ಎಣ್ಣೆ ತಗಡಿನ ಡಬ್ಬಕ್ಕೆ ಇಳಿಯಿತು.

ಗಲ್ಲಿಗೆ ಸುದ್ದಿ ತಲುಪಿದಾಗ ಜಗ್ಲೂಲನ ಅಂಗಡಿಯಲ್ಲಿ ಗಂಡಸರು ಕಣ್ಣೊರೆಸಿಕೊಂಡರು. ಗಲ್ಲಿಯ ಹೆಣ್ಣುಮಕ್ಕಳಿಗಾಗಿ ತನ್ನ ಯಾತ್ರೆಯನ್ನೇ ಕಾರಿಗೆ ಕೊಟ್ಟ ಮಹಾತಾಯಿ ಎಂದಾಯಿತು. ಅಂದಿನಿಂದ ಎಲ್ಲರೂ ಅವಳನ್ನು ಹಗ್ಗಾ ಎಂದೇ ಕರೆದರು, ಅವಳೂ ಓಗೊಟ್ಟಳು. ಶೆಹಾತಾ ಸನದನಿಗೆ ಮತ್ತೆ ಫೋನು ಮಾಡಲಿಲ್ಲ.

ಎಂಜಿನ್ ಕಟ್ಟಿ ಮುಗಿದ ದಿನ ಬುತ್ರುಸ್ ಗಾಜಿನ ಮೇಲಿನ ಪದವನ್ನು ಉಜ್ಜಿ ತೆಗೆದು, ಕೀಲಿ ಕೊಡುತ್ತ ನೆಲ ನೋಡಿದ.

"ಹೊಸ ರಿಂಗು ಕೂರ್ಬೇಕಾದ್ರೆ ಒಂದು ಸಲ ದೂರ ಓಡಿಸ್ಬೇಕು. ನಿಧಾನಕ್ಕೆ, ಎಲ್ಲೂ ಎಂಜಿನ್ ಆರಿಸದೆ. ಮದುವೆ ಗದ್ದಲದಲ್ಲಿ ಆಗಲ್ಲ ಅದು. ಖಾಲಿ ರಸ್ತೆ ಬೇಕು." ಆಮೇಲೆ ತಲೆಯೆತ್ತಿ, "ರಶೀದ್‌ವರೆಗೆ ಹೋಗಿ ಬಾ" ಎಂದ.

ಮನೆಯಲ್ಲಿ ಆ ಮಾತು ಹೇಳಿದಾಗ ನಬವಿಯಾ ಕರಿ ಮೇಲುಹೊದಿಕೆ ಹೊದ್ದು ಮೊದಲೇ ಸಿದ್ಧಳಾಗಿ ಕೂತಿದ್ದಳು. ಮುಂದಿನ ಸೀಟು ಹತ್ತಿದಳು. ದಾರಿಯುದ್ದಕ್ಕೂ ಖರ್ಜೂರದ ತೋಟಗಳು ಹಿಂದಕ್ಕೆ ಹೋದವು, ಬೀಜದ ಸಿಪ್ಪೆ ಕಿಟಕಿ ಹೊರಗೆ ಹೋಯಿತು. ರಶೀದಿನ ದೋಣಿ ಕಟ್ಟೆಯ ಮುಂದೆ ಕಾರು ನಿಂತಾಗ ಸನದ್ ಮರದ ಹೊಟ್ಟು ಕೊಡವುತ್ತ ಓಡಿ ಬಂದ. ಗೆಳೆಯನನ್ನು ಅಪ್ಪಿಕೊಂಡ. ಒಳಗೆ ಕೂತವಳಿಗೆ ಸಲಾಮು ಹೇಳಿದ. ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸದ್ದಿಗೆ ಕಿವಿಗೊಟ್ಟ, ಎಂಜಿನ್ ಬಲ್ಲವರು ಕೇಳುವಂತೆ.

"ಎಂಥಾ ಕೆಲಸ ಮಾಡಿದಾನಯ್ಯ ನಿನ್ನ ಮೆಕ್ಯಾನಿಕ್ಕು. ಓಡ್ತಿದೆಯೋ ಇಲ್ವೋ ಅಂತಲೇ ಗೊತ್ತಾಗಲ್ಲ. ಇಂಥದ್ದನ್ನ ಬಿಟ್ಟು ನನ್ನ ಹಳೇ ದೋಣಿ ಹತ್ರ ಯಾಕೆ ಬರ್ತೀಯ ನೀನು?"

"ಅದೇ" ಎಂದ ಶೆಹಾತಾ.

ಎಂಜಿನ್ ಆರಿಸಬಾರದು ಎಂದು ಬುತ್ರುಸ್ ಹೇಳಿದ್ದರಿಂದ ಚಹಾಕ್ಕೂ ಇಳಿಯಲಿಲ್ಲ. ನದಿಯ ಅಂಚಿನಲ್ಲಿ ಕಾರು ತಿರುಗಿಸಲು ಜಾಗವಿತ್ತು, ತಿರುಗಿಸಿದ. ನಬವಿಯಾ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಿದ್ದೆ ಹೋದಳು, ಅವಳ ಕೈ ಅವನ ತೋಳಿನ ಮೇಲಿತ್ತು. ಎಲ್ಲಾದರೂ ಒಂದು ಟಕ್ ಎಂದೀತೇ, ಒಂದೆಳೆ ಹೊಗೆ ಕಂಡೀತೇ ಎಂದು ಅವನು ಕಿವಿಯನ್ನು ಎಂಜಿನ್ನಿಗೂ ಕಣ್ಣನ್ನು ಕನ್ನಡಿಗೂ ಕೊಟ್ಟು ಓಡಿಸಿದ. ಕರ್ಮೂಸಿನ ಗಲ್ಲಿಯ ಬಾಯಿಗೆ ಬರುವವರೆಗೂ ಎಂಜಿನ್ ಒಂದು ಸಲವೂ ತಪ್ಪಲಿಲ್ಲ.